ಮನೆಯವ್ರನ್ನ ಕೇಳ್ತೀರಾ, ಸರ್?

ಕೊರಳಲ್ಲಿ ಸೇವಂತಿಗೆ ಹಾರ, ಹೆಗಲ ಮೇಲೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಇಷ್ಟೆಲ್ಲ ಹೊತ್ತುಕೊಂಡು ಕೂತ ಮನುಷ್ಯನಿಗೆ ಅವಮಾನವಾಗಲು ಸಾಧ್ಯವೇ? ಸಾಧ್ಯ. ಹೋದ ವಾರ ಹೊಸನಗರದ ಕಡೆಯ ಒಂದು ಹೈಸ್ಕೂಲಿನಲ್ಲಿ ನನಗಾಯಿತು.

ಮಾಡಿದವಳು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಎರಡು ಜಡೆ, ಕೆಂಪು ರಿಬ್ಬನ್. ತಾನು ಯಾರಿಗೋ ಅವಮಾನ ಮಾಡುತ್ತಿದ್ದೇನೆ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಕೈಯಲ್ಲಿ ಒಂದು ಪೇಪರ್ ಕಟಿಂಗ್ ಹಿಡಿದುಕೊಂಡು, “ಇದನ್ನ ಬರ್ದವ್ರು ಯಾರನ್ನೂ ಕೇಳಿಲ್ಲ ಮಿಸ್. ಸುಮ್ನೆ ಬರ್ದಿದಾರೆ” ಅಂದಳು. ಬರೆದವನು ಅವಳೆದುರಿಗೇ ಹಾರ ಹಾಕಿಕೊಂಡು ಕೂತಿದ್ದ.

ಮೊದಲಿಂದ ಹೇಳುತ್ತೇನೆ.

ಸಾಗರದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇರುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ತೀರಿಕೊಂಡವರ ವೈಕುಂಠ ಸಮಾರಾಧನೆಯ ಕಾರ್ಡು. ಗುರುವಾರ ಗುರುವಾರ ಈ ಅಂಕಣ. (ಪ್ರೆಸ್ಸು ಹೊಟ್ಟೆಗೆ, ಅಂಕಣ ಜಂಬಕ್ಕೆ ಎಂದು ನನ್ನ ಹೆಂಡತಿ ಪದ್ಮಾ ಹೇಳುತ್ತಾಳೆ. ಇಷ್ಟು ದಿನ ಅದನ್ನು ತಮಾಷೆ ಅಂದುಕೊಂಡಿದ್ದೆ.)

ವಸುಧಾ ಎಂಬ ಕನ್ನಡ ಮೇಡಂ ಫೋನ್ ಮಾಡಿದರು. ಇದು ಅವರ ನಿಜವಾದ ಹೆಸರಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. “ನಮ್ಮ ಮಕ್ಕಳಿಗೆ ಬರವಣಿಗೆ ಬಗ್ಗೆ ಒಂದಿಷ್ಟು ಪಾಠ ನಡೀತಾ ಇದೆ ಸರ್. ನೀವೊಂದ್ಸಲ ಬಂದು ಕೂತು ನೋಡ್ಬೇಕು” ಅಂದರು. ನನ್ನ ಕಿವಿಗೆ ಬಿದ್ದದ್ದು ‘ಬರವಣಿಗೆ’ ಮತ್ತು ‘ನೀವು’, ಎರಡೇ. ಜುಬ್ಬಾಕ್ಕೆ ಇಸ್ತ್ರಿ ಹಾಕಿಸಿದೆ. ‘ಬರಹ ಹೃದಯದಿಂದ ಬರಬೇಕು’ ಎಂದು ಒಂದು ಭಾಷಣವನ್ನೂ ತಯಾರು ಮಾಡಿದೆ.

“ಅವ್ರು ಕೂತು ನೋಡಿ ಅಂದಿದಾರೆ. ಭಾಷಣ ಮಾಡಿ ಅಂದ್ರಾ?” ಎಂದು ಪದ್ಮಾ ಕೇಳಿದಳು.

“ಕರೆಯೋದೇ ಅದಕ್ಕೆ. ನಿನಗೆ ಗೊತ್ತಾಗಲ್ಲ” ಅಂದೆ. ಯಾರಿಗೆ ಗೊತ್ತಾಗಲಿಲ್ಲ ಎಂಬುದು ಮಧ್ಯಾಹ್ನದ ಹೊತ್ತಿಗೆ ಇತ್ಯರ್ಥವಾಯಿತು.

ಬೆಳಗಿನ ಬಸ್ಸು ಹತ್ತಿ ಹೊಸನಗರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಸ್ಕೂಲಿಗೆ ಮುಟ್ಟಿದೆ. ಹೆಡ್‌ಮಾಸ್ಟರು ಹಾರ ಹಾಕಿದರು, ಶಾಲು ಹೊದಿಸಿದರು, ಬುಟ್ಟಿ ಕೊಟ್ಟರು, ಒಂಬತ್ತನೇ ಕ್ಲಾಸಿನಲ್ಲಿ ಕುರ್ಚಿ ಹಾಕಿಸಿ ಕೂರಿಸಿ ಹೋದರು. ಹಾರ ತೆಗೆದಿಡುವುದು ಸೌಜನ್ಯವೋ ಅಲ್ಲವೋ ಗೊತ್ತಾಗದೆ ಹಾಗೇ ಕೂತೆ.

ವಸುಧಾ ಮೇಡಂ ಮೂವತ್ತರ ಆಸುಪಾಸಿನವರು. ತೆಳ್ಳಗೆ, ಮೆಲುದನಿ. ಬೋರ್ಡಿನ ಮೇಲೆ ‘ಹೇಳಿಕೆ ಮತ್ತು ಆಧಾರ’ ಎಂದು ಬರೆದು, ಕೆಳಗೆ ಮೂರು ವಾಕ್ಯ ಬರೆದರು.

ನಮ್ಮ ಊರಿಗೆ ಬೆಳಿಗ್ಗೆ ಒಂದು ಬಸ್ಸು ಬರುತ್ತದೆ.

ನನಗೆ ಕಿಟಕಿ ಪಕ್ಕದ ಸೀಟು ಇಷ್ಟ.

ನಮ್ಮ ಊರಿಗೆ ಬೆಳಿಗ್ಗೆ ಇನ್ನೊಂದು ಬಸ್ಸು ಬೇಕು.

“ಇದ್ರಲ್ಲಿ ಯಾವ ವಾಕ್ಯದ ಜೊತೆ ಜಗಳ ಆಡ್ಬಹುದು?” ಎಂದು ಕೇಳಿದರು.

ಮಕ್ಕಳು ಮೂರನೆಯದು ಅಂದವು. ಮೊದಲನೆಯದು ಇದ್ದದ್ದು ಇದ್ದ ಹಾಗೆ, ಸ್ಟಾಪಿಗೆ ಹೋಗಿ ನಿಂತರೆ ಗೊತ್ತಾಗುತ್ತದೆ. ಎರಡನೆಯದು ಅವರವರ ಇಷ್ಟ, ಕೇಳಲು ನಾವ್ಯಾರು? ಮೂರನೆಯದಕ್ಕೆ ಮಾತ್ರ ಯಾರಾದರೂ ‘ಎಂತಕ್ಕೆ ಬೇಕು?’ ಅನ್ನಬಹುದು. ಹಾಗಾಗಿ ಬರೆದವನು ತೋರಿಸಬೇಕು. ಎಷ್ಟು ಮಕ್ಕಳು ಫುಟ್‌ಬೋರ್ಡಿನ ಮೇಲೆ ನಿಂತು ಬರುತ್ತಾರೆ, ಬಸ್ಸು ತಪ್ಪಿದರೆ ಎಲ್ಲಿಂದ ನಡೆಯಬೇಕು, ನಡೆದು ಬಂದವರು ಯಾವ ಪೀರಿಯಡ್ ಕಳೆದುಕೊಳ್ಳುತ್ತಾರೆ. ಹಾಗೆ ತೋರಿಸುವುದು ಆಧಾರ.

“ಆಧಾರ ಇಲ್ದಿದ್ರೆ ಹೇಳಿಕೆ ಎಂತದು?”

“ಬಾಯಿಮಾತು ಮಿಸ್!” ಇಡೀ ಕ್ಲಾಸು ಕೂಗಿತು.

ನಾನು ಗುರುಗಳ ಹಾಗೆ ತಲೆದೂಗಿದೆ. ನಮ್ಮ ಕಾಲದಲ್ಲಿ ಇದನ್ನೆಲ್ಲ ಯಾರು ಹೇಳಿಕೊಟ್ಟರು? ‘ನಾಯಿ ನಿಯತ್ತಿನ ಪ್ರಾಣಿ’ ಎಂದು ಪ್ರಬಂಧ ಶುರು ಮಾಡಿದರೆ ಹತ್ತಕ್ಕೆ ಏಳು ಮಾರ್ಕ್ಸು. ಕಚ್ಚಿಸಿಕೊಂಡವರನ್ನು ಕೇಳಿದ್ದೀಯಾ ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ.

ಆಮೇಲೆ ಮೇಡಂ ಪೇಪರ್ ಕಟಿಂಗುಗಳನ್ನು ಹಂಚಿದರು. ಒಂದೊಂದು ಗುಂಪಿಗೆ ಒಂದೊಂದು. ಬರೆದವರ ಹೆಸರು ಕತ್ತರಿಸಿ ತೆಗೆದಿತ್ತು. ಬರಹದ ಒಳಗಿನ ವ್ಯಕ್ತಿಗಳ ಹೆಸರುಗಳ ಮೇಲೆ ಮಸಿ ಬಳಿದಿತ್ತು. ದೊಡ್ಡ ಹೇಳಿಕೆಗೆ ಕೆಂಪು ಪೆನ್ನಲ್ಲಿ ಸುತ್ತು, ಅದಕ್ಕಿರುವ ಆಧಾರಕ್ಕೆ ನೀಲಿ ಪೆನ್ನಲ್ಲಿ ಗೆರೆ. ಒಂದು ಗುಂಪಿಗೆ ಕೂದಲೆಣ್ಣೆಯ ಜಾಹೀರಾತು ಸಿಕ್ಕಿತ್ತು. (‘ಬೋಳುತಲೆಯೂ ನಾಚುವಂಥ ಕೂದಲು’ ಎಂಬುದಕ್ಕೆ ಕೆಂಪು ಸುತ್ತು ಹಾಕಿ, ನನ್ನ ತಲೆಯ ಕಡೆ ನೋಡಿ ನಕ್ಕರು. ಇರಲಿ.) ಇನ್ನೊಂದು ಗುಂಪಿಗೆ ರಸ್ತೆ ಗುಂಡಿಯ ಮೇಲಿನ ಲೇಖನ.

ಮೂರನೆಯ ಗುಂಪಿನಿಂದ ಎರಡು ಜಡೆಯ ಹುಡುಗಿ ಎದ್ದು ನಿಂತು ಓದಿದಳು. “ಮನೆಯೊಳಗಾಗಲಿ ಹೊರಗಾಗಲಿ, ಅವರ ಬಾಯಿಂದ ಒಂದೇ ಒಂದು ಕಟುನುಡಿ ಕೇಳಿದವರು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕುಗಳಲ್ಲಿ ಯಾರೂ ಇಲ್ಲ.”

ನನ್ನ ಸಾಲು!

ನಿಜ ಹೇಳುತ್ತೇನೆ, ಮೊದಲು ಖುಷಿಯಾಯಿತು. ಶಾಲು ಸರಿ ಮಾಡಿಕೊಂಡೆ. ಎಷ್ಟು ಲಯಬದ್ಧವಾಗಿದೆ ನೋಡಿ, ಮಕ್ಕಳ ಬಾಯಲ್ಲಿ ಇನ್ನೂ ಚಂದ ಕೇಳಿಸುತ್ತದೆ ಅಂದುಕೊಂಡೆ. ಇದು ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ತೀರಿಕೊಂಡ ಒಬ್ಬ ಹಿರಿಯರ ಬಗ್ಗೆ ನಾನು ಬರೆದದ್ದು.

“ದೊಡ್ಡ ಹೇಳಿಕೆ ಇದೇ ಮಿಸ್. ಕೆಂಪು ಸುತ್ತು ಹಾಕಿದ್ವಿ. ಆದ್ರೆ ನೀಲಿ ಗೆರೆ ಹಾಕಕ್ಕೆ ಎಂತದೂ ಸಿಗ್ಲಿಲ್ಲ” ಅಂದಳು ಹುಡುಗಿ.

“ಪೂರ್ತಿ ಓದಿದ್ರಾ?”

“ಓದಿದ್ವಿ. ಅವ್ರು ತಾಳಮದ್ದಲೆಲಿ ಮೆತ್ತಗೆ ಮಾತಾಡ್ತಿದ್ರು ಅಂತ ಇದೆ. ಸಿಕ್ಕಿದವ್ರಿಗೆಲ್ಲ ನಮಸ್ಕಾರ ಮಾಡ್ತಿದ್ರು ಅಂತ ಇದೆ. ಅದೆಲ್ಲ ಹೊರಗಿಂದು. ‘ಮನೆಯೊಳಗಾಗಲಿ’ ಅಂತಾನೂ ಬರ್ದಿದಾರಲ್ಲ, ಅದಕ್ಕೆ ಆಧಾರನೇ ಇಲ್ಲ.”

“ಹಾಗಾದ್ರೆ ಬರ್ದವ್ರು ಯಾರನ್ನ ಕೇಳ್ಬೇಕಿತ್ತು?”

“ಮನೆಯವ್ರನ್ನ.”

“ಕೇಳಿದಾರಾ?”

“ಇಲ್ಲ. ಇದನ್ನ ಬರ್ದವ್ರು ಯಾರನ್ನೂ ಕೇಳಿಲ್ಲ ಮಿಸ್. ಸುಮ್ನೆ ಬರ್ದಿದಾರೆ.”

ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಎದ್ದಳು. “ಹೌದು ಮಿಸ್. ನಮ್ಮಜ್ಜ ಬಸ್ಸಲ್ಲಿ ಎಲ್ಲ ಹೆಂಗಸರಿಗೂ ಸೀಟು ಬಿಟ್ಕೊಡ್ತಾರೆ. ಮನೇಲಿ ಅಜ್ಜಿ ಒಂದು ಗಳಿಗೆ ಕೂತ್ರೂ ಬೈತಾರೆ.”

ಕ್ಲಾಸು ಗೊಳ್ಳೆಂದು ನಕ್ಕಿತು. ವಸುಧಾ ಮೇಡಂ ನಗಲಿಲ್ಲ. ಡಸ್ಟರ್ ತೆಗೆದುಕೊಂಡು, ಬೋರ್ಡಿನಲ್ಲಿ ಒರೆಸಲು ಏನೂ ಇಲ್ಲದ ಕಡೆ ಒರೆಸಿದರು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, “ಮಕ್ಕಳೇ, ತೀರಿಕೊಂಡವರ ಬಗ್ಗೆ ಕೆಟ್ಟದ್ದು ಬರೀಬಾರದು ಅಂತ ಒಂದು ಪದ್ಧತಿ ಇದೆ” ಅಂದೆ.

“ಕೆಟ್ಟದ್ದು ಬರೀಬೇಕಿತ್ತು ಅಂತ ಅಲ್ಲ ಸರ್. ಗೊತ್ತಿಲ್ದೇ ಇದ್ದಿದ್ದನ್ನ ಬರೀಬಾರ್ದಿತ್ತು” ಅಂದಳು ಎರಡು ಜಡೆಯವಳು. ಆಮೇಲೆ, ಯಾವ ಕುಹಕವೂ ಇಲ್ಲದೆ, ದೊಡ್ಡ ಬರಹಗಾರನಿಂದ ಕಲಿಯುವ ಆಸೆಯಿಂದ ಕೇಳಿದಳು. “ನೀವು ಹೀಗೆ ಬರಿಯೋವಾಗ ಮನೆಯವ್ರನ್ನ ಕೇಳ್ತೀರಾ, ಸರ್?”

ಓದುಗರೇ, ನಾನು ಏನು ಹೇಳಿದೆ ಗೊತ್ತೇ? “ಹೂಂ ಮಗಾ, ಕೇಳ್ತೀನಿ” ಅಂದೆ.

ಐವತ್ತೆಂಟು ವರ್ಷದ ಮನುಷ್ಯ ಒಂಬತ್ತನೇ ಕ್ಲಾಸಿನ ಹುಡುಗಿಯ ಮುಂದೆ, ಹಾರ ಹಾಕಿಕೊಂಡು ಸುಳ್ಳು ಹೇಳಿದೆ. ಅವಳು ‘ಥ್ಯಾಂಕ್ಯೂ ಸರ್’ ಎಂದು ಕೂತಳು. ವಸುಧಾ ಮೇಡಂ ನನ್ನನ್ನು ಒಂದು ಸಲ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಭಾಷಣ ಜೇಬಿನಲ್ಲೇ ಉಳಿಯಿತು.

ಸ್ಟಾಫ್ ರೂಮಿನಲ್ಲಿ ಚಹಾ, ಒಗ್ಗರಣೆ ಅವಲಕ್ಕಿ ಬಂತು. ಬೇರೆ ಮೇಷ್ಟ್ರುಗಳು ಕ್ಲಾಸಿಗೆ ಹೋದ ಮೇಲೆ ವಸುಧಾ ಮೇಡಂ ಹೇಳಿದರು. “ನೀವು ಬರ್ದಿದ್ದು ನಮ್ಮ ಅಪ್ಪನ ಬಗ್ಗೆ, ಸರ್.”

ಅವಲಕ್ಕಿ ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟೆ.

ಅವರ ಅಪ್ಪನನ್ನು ಮಾಸ್ತರು ಎಂದಷ್ಟೇ ಕರೆಯುತ್ತೇನೆ. ತೀರ್ಥಹಳ್ಳಿ ಕಡೆಯವರು, ನಿವೃತ್ತ ಶಿಕ್ಷಕರು, ತಾಳಮದ್ದಲೆಯಲ್ಲಿ ಒಳ್ಳೆಯ ಅರ್ಥಧಾರಿ. ತಾಳಮದ್ದಲೆ ನೋಡದವರಿಗೆ ಹೇಳುವುದಾದರೆ, ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪಾತ್ರವಾಗಿ ವಾದ ಮಾಡುತ್ತಾರೆ. ಮಾಸ್ತರದು ಯಾವಾಗಲೂ ಶಾಂತ ಪಾತ್ರ. ಎದುರಿನವನು ಹಾರಾಡುತ್ತಿದ್ದರೆ ಇವರು ನಗುತ್ತಾ, “ಅದು ಪದ್ಯದಲ್ಲಿ ಎಲ್ಲಿದೆ? ತೋರಿಸಬಹುದೇ?” ಎಂದು ಕೇಳುವರು. ಎದುರಿನವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಎಷ್ಟೋ ಸಲ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದಿದ್ದೇನೆ. ಆಮೇಲೆ ಒಂದು ನಮಸ್ಕಾರ, ಎರಡು ಮಾತು. ನಮ್ಮ ಪರಿಚಯ ಅಷ್ಟೇ. ಅವರ ಮನೆಯ ಮೆಟ್ಟಿಲು ನಾನು ಹತ್ತಿದವನಲ್ಲ.

ಅವರು ತೀರಿಕೊಂಡಾಗ ಅವರ ತಮ್ಮ ಫೋನ್ ಮಾಡಿದ್ದರು. “ಹದಿಮೂರನೇ ದಿನದ ಕಾರ್ಡು ನಿಮ್ಮಲ್ಲೇ ಆಗ್ಲಿ ಮಾರಾಯ್ರೆ. ಹಾಗೇ ನಿಮ್ಮ ಕಾಲಂನಲ್ಲಿ ಅಣ್ಣನ ಬಗ್ಗೆ ನಾಲ್ಕು ಮಾತು.”

ಆಗಲಿ ಅಂದೆ. ನನ್ನ ಕಂಪ್ಯೂಟರಿನಲ್ಲಿ ಕಾರ್ಡಿನ ಮ್ಯಾಟರ್ ಯಾವಾಗಲೂ ತಯಾರಿರುತ್ತದೆ. ಹೆಸರು, ವಯಸ್ಸು, ತಿಥಿ ಬದಲಿಸಿದರೆ ಕಾರ್ಡು ರೆಡಿ. ಹಾಗೆಯೇ ನುಡಿನಮನವೂ ನನ್ನ ತಲೆಯೊಳಗೆ ಅಚ್ಚುಮೊಳೆ ಜೋಡಿಸಿದಂತೆ ತಯಾರಿರುತ್ತದೆ. ಅಜಾತಶತ್ರು, ನಿಗರ್ವಿ, ಸರಳ ಸಜ್ಜನಿಕೆಯ ಮೂರ್ತಿ, ತುಂಬಲಾರದ ನಷ್ಟ. ಒಂದು ಕಟುನುಡಿಯನ್ನೂ ಆಡದವರು. ಚಹಾ ತಣ್ಣಗಾಗುವುದರೊಳಗೆ ಅಂಕಣ ಮುಗಿದಿತ್ತು. ಮೈಕಿನ ಮುಂದೆ ಕೇಳಿದ ದನಿಯನ್ನು ಅವರ ಅಡುಗೆಮನೆಯವರೆಗೆ ನಾನೇ ಒಯ್ದು ಇಟ್ಟಿದ್ದೆ.

ವಸುಧಾ ಹೇಳಿದರು. “ಅವ್ರು ಎಂತ ಮಾತಾಡ್ತಿದ್ರು ಅಂತ ನಾನು ಹೇಳಲ್ಲ ಸರ್. ಆ ಮಾತು ನನ್ನ ಬಾಯಲ್ಲಿ ಬರೋದು ಬೇಡ. ಅಮ್ಮ ಅವ್ರಿಗೆ ಬಡಿಸುವಾಗ ಸೌಟು ಪಾತ್ರೆಗೆ ತಾಗಿ ಸದ್ದಾದ್ರೆ ಅದಕ್ಕೂ ಮಾತು. ಒಂದಿನ ನನ್ನ ಕೈಲಿ ತಡ್ಕೊಳಕ್ಕೆ ಆಗ್ಲಿಲ್ಲ, ಎದುರು ಹೇಳ್ದೆ. ಹೊರಗೆ ಹೋಗು ಅಂದ್ರು. ಹೋದೆ. ಇಲ್ಲೇ ಕೆಲಸ ಇತ್ತು, ರೂಮ್ ಮಾಡ್ಕೊಂಡೆ. ಅಪ್ಪ ಇರೋ ತನಕ ಮತ್ತೆ ಆ ಮನೆಗೆ ಕಾಲಿಡಲಿಲ್ಲ.”

“ನೆಂಟರು?”

“ದೇವರಂಥ ಅಪ್ಪನ್ನ ಬಿಟ್ಟು ಹೋದವಳು. ಅದೇ ನನ್ನ ಹೆಸರು.”

ಸಮಾರಾಧನೆಯ ದಿನ ಅವರು ಮನೆಗೆ ಹೋದರಂತೆ. ಊಟವಾಗಿ ಹತ್ತಿರದವರೆಲ್ಲ ಜಗಲಿಯಲ್ಲಿ ಕೂತಿದ್ದಾಗ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, “ಇದ್ದಾಗ ಬರ್ಲಿಲ್ಲ, ಈಗ ಬಂದ್ಯಾ?” ಎಂದು ಎಲ್ಲರೆದುರು ಕೇಳಿದರು. ವಸುಧಾ ತಲೆ ತಗ್ಗಿಸಿದರು. ಆಗ ಆ ಮನೆಯಲ್ಲಿ ಎಂದೂ ಆಗದ್ದು ಆಯಿತು. ಅಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ಅವಳು ಸುಮ್ನೆ ಹೋಗಿದ್ದಲ್ಲ ಅಕ್ಕಾ. ಅವತ್ತು ಇವ್ರು...” ಎಂದು ಶುರು ಮಾಡಿದರು.

“ನಾನು ಅಮ್ಮನ ಮುಖ ನೋಡ್ದೆ ಸರ್. ಇಷ್ಟು ವರ್ಷಕ್ಕೆ ಅಮ್ಮ ನನ್ನ ಪರವಾಗಿ ಬಾಯಿ ತೆಗೆದಿದ್ದು ಅದೇ ಮೊದಲು.”

ವಾಕ್ಯ ಮುಗಿಯಲಿಲ್ಲ. ಚಿಕ್ಕಪ್ಪ, ನನಗೆ ಫೋನ್ ಮಾಡಿದವರೇ, ಎದ್ದು ನಿಂತರು. “ಈಗ ಎಂತಕ್ಕೆ ಅತ್ತಿಗೆ ಅದೆಲ್ಲ? ನೋಡಿ, ಪೇಪರಲ್ಲೇ ಬಂದಿದೆ” ಎಂದು ಲ್ಯಾಮಿನೇಶನ್ ಮಾಡಿಸಿ ತಂದಿದ್ದ ನನ್ನ ಅಂಕಣವನ್ನು ಎತ್ತಿಹಿಡಿದರು. ಮನೆಯೊಳಗಾಗಲಿ ಹೊರಗಾಗಲಿ ಎಂಬ ಆ ಸಾಲನ್ನು ದೊಡ್ಡದಾಗಿ ಓದಿದರು. ಯಾರೋ ‘ನಿಜ ನಿಜ’ ಅಂದರು. ದೊಡ್ಡಮ್ಮ ಕಣ್ಣೊರೆಸಿಕೊಂಡರು.

“ಅಮ್ಮ ಲೋಟ ತಗೊಂಡು ಒಳಗೆ ಹೋದ್ರು ಸರ್. ಆಮೇಲೆ ನಾನು ಎಷ್ಟು ಸಲ ಕೇಳಿದ್ರೂ ಒಂದೇ ಉತ್ತರ. ‘ಪೇಪರಲ್ಲೇ ಹಾಗೆ ಬಂದ ಮೇಲೆ ನಾನು ಎಂತ ಹೇಳೋದು? ನನ್ನ ಮಾತು ಯಾರು ನಂಬ್ತಾರೆ?’ ಅಂತಾರೆ.”

ನನಗೆ ನಾಚಿಕೆಯಾಯಿತು. ಕ್ಲಾಸಿನಲ್ಲಿ ಆದದ್ದು ನಾಚಿಕೆಯೇ ಅಲ್ಲ, ಅದು ಬರೀ ಮುಜುಗರ. ಅಲ್ಲಿ ಹೋದದ್ದು ನನ್ನ ಮಾನ, ಹೋದರೆ ಹೋಯಿತು. ಇಲ್ಲಿ, ಜೀವಮಾನವಿಡೀ ಸುಮ್ಮನಿದ್ದ ಹೆಂಗಸು ಕೊನೆಗೂ ಒಂದು ಮಾತು ಆಡಲು ಹೊರಟಾಗ ಅವಳ ಬಾಯಿಗೆ ಅಡ್ಡ ಬಂದದ್ದು ನನ್ನ ಬರಹ. ಮಗಳನ್ನು ನೆಂಟರ ಮುಂದೆ ಮತ್ತೊಮ್ಮೆ ತಪ್ಪಿತಸ್ಥೆ ಮಾಡಿದ್ದೂ ನನ್ನ ಬರಹವೇ. ನನ್ನ ಹೇಳಿಕೆಗೆ ಆಧಾರವಿರಲಿಲ್ಲ, ಆದರೆ ಆ ಜಗಲಿಯಲ್ಲಿ ನನ್ನ ಹೇಳಿಕೆಯೇ ಆಧಾರವಾಗಿ ಕೂತಿತ್ತು.

“ಕ್ಷಮಿಸಿ ಮೇಡಂ. ಮಕ್ಕಳ ಮುಂದೆ ನನಗೆ ಸರಿಯಾಗಿ ಆಯ್ತು” ಅಂದೆ.

“ನಿಮಗೆ ಅವಮಾನ ಮಾಡಕ್ಕೆ ಕರ್ದಿದ್ದಲ್ಲ ಸರ್. ಫೋನಲ್ಲಿ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಮಕ್ಕಳು ಓದೋದನ್ನ ಕೇಳಿದ್ರೆ ನಿಮಗೇ ಗೊತ್ತಾಗ್ಬಹುದು ಅಂದ್ಕೊಂಡೆ. ಅದು ಅಪ್ಪನ ಬಗ್ಗೆ ಅಂತ ಮಕ್ಕಳಿಗೆ ಗೊತ್ತಿಲ್ಲ.”

ನಾನು ಆವೇಶದಲ್ಲಿದ್ದೆ. ತಪ್ಪು ತಿದ್ದುವ ಆವೇಶ ನೋಡಿ, ಅದೂ ಒಂದು ಬಗೆಯ ಜಂಬವೇ. “ಈ ಗುರುವಾರವೇ ಬರೀತೀನಿ. ಮಾಸ್ತರು ಮನೆಯಲ್ಲಿ ಎಷ್ಟು ಕ್ರೂರಿಯಾಗಿದ್ರು ಅಂತ ಜನಕ್ಕೆ ಗೊತ್ತಾಗ್ಲಿ” ಅಂದೆ.

“ನೀವು ನೋಡಿದ್ರಾ?”

“ಇಲ್ಲ. ಆದ್ರೆ ನೀವು ಹೇಳಿದ್ರಲ್ಲ.”

“ಚಿಕ್ಕಪ್ಪ ಹೇಳಿದ್ದಕ್ಕೆ ದೇವರು ಅಂತ ಬರ್ದ್ರಿ. ನಾನು ಹೇಳಿದ್ದಕ್ಕೆ ರಾಕ್ಷಸ ಅಂತ ಬರೀತೀರಾ?” ಎಂದು ಕೇಳಿದರು. ದನಿ ಆಗಲೂ ಏರಲಿಲ್ಲ. “ಮನೇಲಿ ಎಂತ ಆಗ್ತಿತ್ತು ಅಂತ ಹೇಳ್ಬೇಕಾದವ್ರು ಅಮ್ಮ. ಅವ್ರಿಗೆ ಇಷ್ಟ ಇದ್ರೆ ಹೇಳ್ಲಿ, ಇಲ್ದಿದ್ರೆ ಬಿಡ್ಲಿ. ಆ ಸಾಲಿಗೆ ನಿಮ್ಮ ಹತ್ರ ಆಧಾರ ಇರ್ಲಿಲ್ಲ ಅಂತ ಬರೀರಿ. ಅಷ್ಟೇ ಸಾಕು ನನಗೆ. ಅಮ್ಮ ಗುರುವಾರದ ಪೇಪರ್ ತಪ್ಪಿಸಲ್ಲ.”

ಸಾಗರಕ್ಕೆ ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬರು, “ಎಂತ ಸಾರ್, ಸನ್ಮಾನವಾ?” ಎಂದು ಕೇಳಿದರು. ಹಾರವನ್ನು ಚೀಲದೊಳಗೆ ತುರುಕಿದ್ದರೂ ಬುಟ್ಟಿ ಕಾಣುತ್ತಿತ್ತು. ಹೌದು ಅಂದೆ. ಇನ್ನೇನು ಹೇಳಲಿ?

ಮನೆಗೆ ಬಂದು ಪದ್ಮಾಗೆ ಎಲ್ಲ ಹೇಳಿದೆ. ಅವಳು ಬುಟ್ಟಿಯ ಸೇಬು ಒರೆಸಿ ಒರೆಸಿ ಇಡುತ್ತಾ ಕೇಳಿಸಿಕೊಂಡಳು. ಆಮೇಲೆ, “ಆ ಕಟುನುಡಿ ಸಾಲನ್ನ ನೀವು ನಮ್ಮ ಸೋದರಮಾವನಿಗೂ ಬರ್ದಿದ್ರಿ” ಅಂದಳು.

“ಬರ್ದಿದ್ನಾ?”

“ಅವನು ದನಕ್ಕೆ, ನಾಯಿಗೆ, ಪೋಸ್ಟ್‌ಮ್ಯಾನಿಗೆ, ಬೀಗರಿಗೆ ಎಲ್ರಿಗೂ ಬೈತಿದ್ದ. ಪೇಪರ್ ನೋಡಿ ಅತ್ತೆಗೆ ನಗು ತಡೆಯಕ್ಕಾಗದೆ ಸೆರಗು ಬಾಯಿಗಿಟ್ಕೊಂಡು ಒಳಗೆ ಓಡಿದ್ರು. ಜನ ಅಳ್ತಿದಾರೆ ಅಂದ್ಕೊಂಡ್ರು.”

ಇನ್ನೂ ಯಾರು ಯಾರಿಗೆ ಆ ಸಾಲು ಕೊಟ್ಟಿದ್ದೇನೆ ಎಂದು ನೆನಪು ಮಾಡಿಕೊಂಡೆ. ಬಹುತೇಕ ಎಲ್ಲರಿಗೂ. ನಮ್ಮ ಮೂರು ತಾಲೂಕಿನಲ್ಲಿ ಕಟುವಾಗಿ ಮಾತಾಡುವ ಒಬ್ಬನೂ ಸಾಯುವುದೇ ಇಲ್ಲವೇ? ಬೈಯುವವರೆಲ್ಲ ಚಿರಂಜೀವಿಗಳೇ? ಅತ್ತೆ ನಕ್ಕು ಬದುಕಿದರು. ಬೇರೆ ಮನೆಗಳಲ್ಲಿ ಎಷ್ಟು ಜನ ನಗಲೂ ಆಗದೆ ಸುಮ್ಮನಾದರೋ ನನಗೆ ಗೊತ್ತಿಲ್ಲ.

ಪದ್ಮಾ ಕೊನೆಯ ಸೇಬು ಇಟ್ಟು ಕೇಳಿದಳು. “ನಾಳೆ ನಿಮ್ಮ ಬಗ್ಗೆ ಯಾರಾದ್ರೂ ಹೀಗೆ ಬರೆಯೋವಾಗ ನನ್ನನ್ನ ಕೇಳ್ತಾರಾ?”

“ಕೇಳಿದ್ರೆ ಏನು ಹೇಳ್ತೀಯ?”

“ಕೇಳ್ಲಿ. ಆಮೇಲೆ ನೋಡಣ” ಎಂದು ಒಳಗೆ ಹೋದಳು. ನಾನು ಅಲ್ಲೇ ಕೂತು, ಬೆಳಿಗ್ಗೆ ಅವಳಿಗೆ ‘ನಿನಗೆ ಗೊತ್ತಾಗಲ್ಲ’ ಅಂದಿದ್ದನ್ನು ನೆನಪು ಮಾಡಿಕೊಂಡೆ. ಅದು ಕಟುನುಡಿಯೇ? ನನಗೆ ಅನ್ನಿಸಿರಲಿಲ್ಲ. ಮಾಸ್ತರಿಗೂ ಅನ್ನಿಸಿರಲಿಕ್ಕಿಲ್ಲ.

ಮರುದಿನ ಮಾಸ್ತರ ತಮ್ಮನಿಗೆ ಫೋನ್ ಮಾಡಿದೆ. ಆ ಸಾಲನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡೋಣ ಎಂದು.

“ಎಂತಕ್ಕೆ ಮಾರಾಯ್ರೆ ಈಗ? ಸತ್ತವ್ರ ಮೇಲೆ? ಲ್ಯಾಮಿನೇಶನ್ ಮಾಡಿ ಅಣ್ಣನ ಫೋಟೋ ಪಕ್ಕ ಹಾಕಿದ್ದು” ಅಂದರು.

“ನಾನು ಬರೆದದ್ದು ನಿಜ ಅಲ್ಲ ಅಂತ ನಿಮಗೆ ಗೊತ್ತಿತ್ತಾ?”

ಅವರು ದನಿ ಇಳಿಸಿ, “ಯಾರ ಮನೇಲಿ ಇಲ್ಲ ಮಾರಾಯ್ರೆ?” ಅಂದರು. ಫೋನ್ ಇಟ್ಟರು.

ಇದನ್ನೂ ನಾನು ಆಧಾರ ಎಂದು ಮಂಡಿಸುವುದಿಲ್ಲ. ಒಬ್ಬ ತಮ್ಮ ಒಂದು ಪ್ರಶ್ನೆ ಕೇಳಿದರು, ಅಷ್ಟೇ. ಆದರೆ ಆ ಪ್ರಶ್ನೆ ಕೇಳಿದಾಗಿನಿಂದ ನನಗೆ ಅನ್ನಿಸುತ್ತಿರುವುದನ್ನು ಹೇಳಬಹುದಲ್ಲ? ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವ ನಮ್ಮ ಪದ್ಧತಿ ಸತ್ತವರ ಮೇಲಿನ ಗೌರವ ಎಂದು ತಿಳಿದಿದ್ದೆ. ಸತ್ತವರಿಗೆ ಅದರಿಂದ ಆಗಬೇಕಾದ್ದೇನು? ಅವರು ಪೇಪರ್ ಓದುವುದಿಲ್ಲ. ಓದುವವರು ಮನೆಯಲ್ಲಿ ಉಳಿದವರು. ನಾವು ತೂಕವಿಲ್ಲ ಎಂದುಕೊಂಡು ಬರೆಯುವ ಹೊಗಳಿಕೆ ಅವರ ತಲೆಯ ಮೇಲೆ ಬಂದು ಕೂರುತ್ತದೆ. ಬೈಗುಳ ಬರೆಯುವಾಗ ನೂರು ಸಲ ಯೋಚಿಸುತ್ತೇವೆ, ಕೇಸು ಬಿದ್ದೀತು ಎಂದು. ಹೊಗಳಿಕೆಗೆ ಯಾರು ಕೇಸು ಹಾಕುತ್ತಾರೆ?

‘ಅದು ಪದ್ಯದಲ್ಲಿ ಎಲ್ಲಿದೆ?’ ಎಂದು ಮಾಸ್ತರು ಕೇಳಿದಾಗಲೆಲ್ಲ ಚಪ್ಪಾಳೆ ಹೊಡೆದವನು ನಾನು. ಅವರ ಬಗ್ಗೆ ಬರೆಯುವಾಗ ಅದೇ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳಲಿಲ್ಲ. ಅವರಿಂದ ಕಲಿಯಬಹುದಾಗಿದ್ದ ಒಂದೇ ಒಂದು ವಿಷಯವನ್ನೂ ಕಲಿಯಲಿಲ್ಲ.

ಈ ಬರಹವನ್ನು ವಸುಧಾ ಮೇಡಂಗೆ ಫೋನಿನಲ್ಲಿ ಓದಿ ಹೇಳಿದ್ದೇನೆ. (ಮೊದಲ ಸಲ ಮನೆಯವರನ್ನು ಕೇಳಿದ್ದು.) ಅವರ ಅಪ್ಪನಿಗೆ ನಾನು ಹಚ್ಚಿದ್ದ ಎರಡು ವಿಶೇಷಣಗಳನ್ನು ತೆಗೆಸಿದರು. ನನಗೆ ನಾನೇ ಹಚ್ಚಿಕೊಂಡಿದ್ದ ‘ಪಾಪಿ’ ಎಂಬುದನ್ನೂ ತೆಗೆಸಿದರು. “ಅದು ಜಾಸ್ತಿ ಆಯ್ತು ಸರ್, ನಿಮ್ಮ ಕಡೆ ಕರುಣೆ ಬರೋ ಹಾಗಿದೆ” ಅಂದರು. ಒಳ್ಳೆಯ ಮೇಷ್ಟ್ರು.

ಎರಡು ಜಡೆಯ ಹುಡುಗೀ, ನಿನಗೂ ಒಂದು ಉತ್ತರ ಬಾಕಿ ಇದೆ. ನೀನು ಓದಿದ ಆ ಕಟಿಂಗ್ ಬರೆದವನು ನಾನೇ. ಮನೆಯವರನ್ನು ಕೇಳುತ್ತೇನೆ ಎಂದು ನಿನಗೆ ಹೇಳಿದ್ದು ಸುಳ್ಳು. ಕೆಂಪು ಪೆನ್ನಿನಲ್ಲಿ ಇದಕ್ಕೂ ಒಂದು ಸುತ್ತು ಹಾಕಿಬಿಡು.

ಇನ್ನು ತೀರ್ಥಹಳ್ಳಿ ಕಡೆಯ ಆ ಮನೆಯಲ್ಲಿ ಇದನ್ನು ಓದುತ್ತಿರುವ ಅಮ್ಮನಿಗೆ. ‘ಮನೆಯೊಳಗಾಗಲಿ ಹೊರಗಾಗಲಿ’ ಎಂದು ನಾನು ಬರೆದ ಸಾಲಿಗೆ ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ನಾನು ನಿಮ್ಮ ಮನೆಗೆ ಬಂದವನಲ್ಲ. ನಿಮ್ಮನ್ನು ನೋಡಿದವನಲ್ಲ, ಕೇಳಿದವನಲ್ಲ. ಪೇಪರಲ್ಲಿ ಬಂದ ಮಾತ್ರಕ್ಕೆ ಅದು ನಿಜವಲ್ಲ ಎಂದು ಪೇಪರಿನವನೇ ಹೇಳುತ್ತಿದ್ದೇನೆ, ಬೇಕಾದರೆ ಇದಕ್ಕೂ ಲ್ಯಾಮಿನೇಶನ್ ಮಾಡಿಸಿ. ನನಗೆ ಉತ್ತರ ಕೊಡಬೇಕಾಗಿಲ್ಲ, ಮಗಳಿಗೆ ಕೊಟ್ಟರೆ ಸಾಕು. ಎರಡು ತಿಂಗಳು ತಡವಾಗಿ ಕೇಳುತ್ತಿದ್ದೇನೆ.

ಅವತ್ತು ಲೋಟ ಕೆಳಗಿಟ್ಟು, ನೀವು ಏನು ಹೇಳಲು ಹೊರಟಿದ್ದಿರಿ ಅಮ್ಮಾ?